ಕೂಗಿ ಹೇಳಿದ ತೂಕ

1998ರಲ್ಲಿ ನಾನು ಅರಕಲಗೂಡಿನಲ್ಲಿ ಖಾಸಗಿ ವೈದ್ಯೆಯಾಗಿದ್ದೆ. ಹುಟ್ಟೂರು ಚನ್ನರಾಯಪಟ್ಟಣ. ಎಂಬಿಬಿಎಸ್ ಮುಗಿಸಿ, ಹೊಳೆನರಸೀಪುರದಲ್ಲಿ ಹಿರಿಯ ವೈದ್ಯರೊಬ್ಬರ ಕೈಕೆಳಗೆ ಎರಡು ವರ್ಷ ಪಳಗಿ, 1987ರಲ್ಲಿ ಅರಕಲಗೂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸ್ವಂತ ಕ್ಲಿನಿಕ್ ತೆರೆದಿದ್ದೆ. ಮುಂದೆ ರೋಗಿಗಳು ಕೂರುವ ಹಾಲ್, ಅದರ ಹಿಂದೆ ನನ್ನ ಕೋಣೆ, ಪಕ್ಕದ ಕೋಣೆಯಲ್ಲಿ ನಾಲ್ಕು ಹಾಸಿಗೆ. ಸಹಾಯಕ್ಕೆ ಕಾಂಪೌಂಡರ್ ಕೃಷ್ಣಪ್ಪನವರು. ನನಗಿಂತ ಹದಿನೈದು ವರ್ಷ ದೊಡ್ಡವರು, ಚುಚ್ಚುಮದ್ದು ಕೊಡುವುದರಲ್ಲಿ ಎತ್ತಿದ ಕೈ. ಹೊಗೆಸೊಪ್ಪು ಮುರಿಯುವ ಕಾಲಕ್ಕೆ ತಲೆಸುತ್ತು, ವಾಂತಿ. ಮಳೆ ಹಿಡಿದರೆ ಜ್ವರ, ಭೇದಿ. ನಡುನಡುವೆ ಹಾವು ಕಡಿತ, ಹೆರಿಗೆ. ಹನ್ನೊಂದು ವರ್ಷ ಇದನ್ನೇ ನೋಡಿ, ಈ ತಾಲ್ಲೂಕಿನಲ್ಲಿ ನನಗೆ ಗೊತ್ತಿಲ್ಲದ ಕಾಯಿಲೆ ಯಾವುದೂ ಉಳಿದಿಲ್ಲ ಅನ್ನುವ ಸೊಕ್ಕು ನನಗೆ ಬಂದಿತ್ತು. ಆ ಸೊಕ್ಕು ಮುರಿದವಳು ಹದಿನೈದು ವರ್ಷದ ಒಬ್ಬ ಹುಡುಗಿ.

ಅವಳನ್ನು ಸವಿತ ಎಂದು ಕರೆಯುತ್ತೇನೆ. ಅವಳ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ವೈದ್ಯರು ಬರೆಯುವ ಅನುಭವದಲ್ಲಿ ಅಂಕಿಸಂಖ್ಯೆ ಇರಬೇಕೆಂದು ಓದುಗರು ಬಯಸುತ್ತಾರೆ. ನಾಡಿ, ರಕ್ತದೊತ್ತಡ, ಆಸ್ಪತ್ರೆಯಲ್ಲಿದ್ದ ದಿನಗಳು, ಎಲ್ಲವನ್ನೂ ಕೊಡುತ್ತೇನೆ. ಅವಳ ತೂಕವೊಂದನ್ನು ಮಾತ್ರ ಈ ಬರಹದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಯಾಕೆಂದು ಕೊನೆಯವರೆಗೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಜೂನ್ ತಿಂಗಳ ಒಂದು ಮಧ್ಯಾಹ್ನ ಜಯಮ್ಮ ಮಗಳನ್ನು ಕರೆದುಕೊಂಡು ಬಂದರು. ಅರಕಲಗೂಡಿನಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯವರು. ಹೊಗೆಸೊಪ್ಪು, ಶುಂಠಿ, ಜೋಳ ಬೆಳೆಯುವ ಅನುಕೂಲಸ್ಥ ಮನೆ. ಹುಡುಗಿ ಟೌನಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಚಿಕ್ಕಂದಿನಿಂದ ಕೆಮ್ಮು ನೆಗಡಿಗೆಲ್ಲ ನನ್ನ ಹತ್ತಿರವೇ ಬರುತ್ತಿದ್ದವಳು. ಹಾಲಿನಲ್ಲಿದ್ದ ಬೇರೆಯವರೆಲ್ಲ ಹೋಗುವ ತನಕ ಜಯಮ್ಮ ಕಾದರು. ಒಳಗೆ ಬಂದವರೇ ಬಾಗಿಲು ಹಾಕಿಕೊಂಡರು.

"ಮುಟ್ಟಾಗಿ ನಾಕ್ ತಿಂಗ್ಳಾಯ್ತು ಮೇಡಮ್. ಅವ್ರಪ್ಪಂಗೆ ಗೊತ್ತಾದ್ರೆ ಇಬ್ರುನೂ ಕಡ್ದಾಕ್ಬುಡ್ತಾರೆ."

ಅವರಿಗಿದ್ದ ಹೆದರಿಕೆ ಏನೆಂದು ಹೇಳಬೇಕಾಗಿಲ್ಲ. ಮೂತ್ರ ಪರೀಕ್ಷೆ ಮಾಡಿದೆ. ಗರ್ಭವಲ್ಲ. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ನನ್ನ ಕೈ ಹಿಡಿದುಕೊಂಡರು. ಆ ಕೋಣೆಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಅಲ್ಲಿಗೆ ಎಲ್ಲ ಮುಗಿದುಹೋಯಿತು. ಮರ್ಯಾದೆ ಉಳಿಯಿತಲ್ಲ, ಇನ್ನೇನು ಬೇಕು? ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ, ಜೊತೆಗೆ ಒಂದು ಜಂತುಹುಳದ ಮಾತ್ರೆ ಬರೆದುಕೊಟ್ಟೆ. ಹುಡುಗಿ ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿದ್ದಳು. ಮಳೆ ಹಿಡಿದಿದೆ, ಚಳಿ ಇರಬೇಕು ಅಂದುಕೊಂಡೆ. ಹಿಂದಿನ ವರ್ಷ ದುಂಡುದುಂಡಾಗಿದ್ದವಳು ಸಣ್ಣಗಾಗಿದ್ದಳು. ಅದನ್ನು ಗಮನಿಸಿದೆ. ಗಮನಿಸಿ ನಾನು ಹೇಳಿದ ಮಾತು ಇದು: "ಪರವಾಗಿಲ್ವೇ, ಸಣ್ಣಗಾಗಿ ಲಕ್ಷಣವಾಗಿ ಕಾಣ್ತಿದ್ದೀಯ!"

ಸವಿತ ನಕ್ಕಳು. ಒಟ್ಟು ಹತ್ತು ನಿಮಿಷದಲ್ಲಿ ಕಳಿಸಿಕೊಟ್ಟೆ. ಮುಟ್ಟು ಯಾಕೆ ನಿಂತಿತು ಎಂದು ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು ಅನ್ನುವುದು ನನಗೆ ಹೊಳೆಯಲಿಲ್ಲ. ಹೊಟ್ಟೆಯಲ್ಲಿ ಮಗು ಇಲ್ಲ ಎಂದಮೇಲೆ ಹೆಣ್ಣುಮಗುವಿನ ಹೊಟ್ಟೆಯ ಬಗ್ಗೆ ನಮ್ಮ ಊರಿನಲ್ಲಿ ಯಾರಿಗೂ ಬೇರೆ ಪ್ರಶ್ನೆಯೇ ಇರುವುದಿಲ್ಲ. ನಾನೂ ಆ ಊರಿನವಳೇ ಆಗಿಬಿಟ್ಟಿದ್ದೆ.

ಆಗಸ್ಟ್ ಮೂರನೆಯ ವಾರ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸವಿತ ಶಾಲೆಯ ಅಂಗಳದಲ್ಲಿ ಬಿದ್ದಳು. ಗಣಿತದ ಮೇಡಂ ಒಬ್ಬರು ಆಟೋದಲ್ಲಿ ಮಲಗಿಸಿಕೊಂಡು ತಂದರು. ಸ್ವೆಟರ್ ಬಿಚ್ಚಿಸಿ ನೋಡಿದೆ. ನಾಡಿ ನಿಮಿಷಕ್ಕೆ 44; ಆ ವಯಸ್ಸಿನವರಿಗೆ ಎಪ್ಪತ್ತರ ಮೇಲಿರಬೇಕು. ರಕ್ತದೊತ್ತಡ 80/50. ಬೆರಳ ತುದಿಗಳು ನೀಲಿ. ಬೆನ್ನ ಮೇಲೆ, ತೋಳುಗಳ ಮೇಲೆ ಹಸುಗೂಸಿಗೆ ಇರುವಂಥ ತೆಳ್ಳನೆಯ ರೋಮ ಬೆಳೆದಿತ್ತು. ದೇಹಕ್ಕೆ ಅನ್ನ ಸಿಗದಿದ್ದಾಗ ಬೆಚ್ಚಗಿರಲು ಅದು ಮಾಡಿಕೊಳ್ಳುವ ಉಪಾಯ ಅದು. ಪಠ್ಯಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಅನೊರೆಕ್ಸಿಯಾ ನರ್ವೋಸಾ ಎನ್ನುವ ಹೆಸರು ನೆನಪಿಗೆ ಬಂತು; ಅದರ ಹಿಂದೆಯೇ, ಅದು ಪರದೇಶದ ಶ್ರೀಮಂತರ ಮಕ್ಕಳ ಕಾಯಿಲೆ, ಹೊಗೆಸೊಪ್ಪಿನ ಮನೆಯ ಹುಡುಗಿಗೆ ಎಲ್ಲಿಂದ ಬಂದೀತು ಅಂತಲೂ ಅನ್ನಿಸಿತು. ನನ್ನ ದಡ್ಡತನಕ್ಕೆ ಮಿತಿಯೇ ಇರಲಿಲ್ಲ.

ಮನೆಯವರು ಬಂದರು. ಅಜ್ಜಿ ನಿಂಗಮ್ಮ ಮೊಮ್ಮಗಳ ಪಾದ ಹಿಡಿದುಕೊಂಡು ಕೂತುಬಿಟ್ಟರು.

"ಮಗ ಸುಸ್ತಾಗ್ಬುಟ್ಟದೆ ಡಾಕ್ಟ್ರವ್ವ. ಒಂದೆರಡ್ ಬಾಟ್ಲು ಗುಲ್ಕೋಸ್ ಆಕ್ಬುಡಿ, ಎದ್ ಕುಂತ್ಕತದೆ."

ಗ್ಲೂಕೋಸ್ ಬಾಟಲಿ ಎಂದರೆ ನಮ್ಮ ಕಡೆಯ ಜನಕ್ಕೆ ಎಷ್ಟು ನಂಬಿಕೆ ಎಂದು ತಾಲ್ಲೂಕಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಬಾಟಲಿ ನೇತುಹಾಕದ ಡಾಕ್ಟರು ಡಾಕ್ಟರೇ ಅಲ್ಲ. ನೂರಾರು ಜನಕ್ಕೆ ಹಾಕಿದ್ದೆ, ಬಹಳಷ್ಟು ಸಲ ಬೇಕಿಲ್ಲದೆಯೇ. ಈ ಹುಡುಗಿಗಂತೂ ರಕ್ತದಲ್ಲಿ ಸಕ್ಕರೆಯ ಅಂಶ ಕಡಿಮೆಯಿತ್ತು, ಹಾಕುವುದು ಸರಿ ಎಂದೇ ಅನ್ನಿಸಿತು. ಕೃಷ್ಣಪ್ಪನವರು ಸೂಜಿ ಚುಚ್ಚಿದರು. ಸಂಜೆಯೊಳಗೆ ಎರಡು ಬಾಟಲಿ, ಮರುದಿನ ಬೆಳಗ್ಗೆ ಇನ್ನೊಂದು. ಸಾಲದ್ದಕ್ಕೆ ಹೊಟ್ಟೆತುಂಬ ತಿನ್ನಿಸಿ ಎಂದು ಮನೆಯವರಿಗೆ ನಾನೇ ಹೇಳಿದ್ದೆ. ಅವರು ಬೈದು, ಗದರಿಸಿ, ಅತ್ತು, ಇಡ್ಲಿ ತಿನ್ನಿಸಿದ್ದರು.

ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಸವಿತಳಿಗೆ ಉಸಿರು ಕಟ್ಟತೊಡಗಿತು. ಪಾದಗಳು ಊದಿಕೊಂಡಿದ್ದವು. ನಾಡಿ ಒಂದು ಬಡಿದರೆ ಇನ್ನೊಂದು ತಪ್ಪುತ್ತಿತ್ತು. ಕೈ ಎತ್ತಲು ಹೇಳಿದರೆ ಎತ್ತಲಾಗಲಿಲ್ಲ. ನಾನು ಹಾಸನದ ಒಬ್ಬ ಹಿರಿಯ ಫಿಜಿಷಿಯನ್‌ಗೆ ಫೋನ್ ಮಾಡಿದೆ. ವಿವರ ಹೇಳಿ ಮುಗಿಸುವ ಮೊದಲೇ ಅವರು ಕಿರುಚಿದರು.

"ಏನ್ರೀ ಮಾಡ್ತಿದ್ದೀರಿ? ತಿಂಗಳುಗಟ್ಟಲೆ ಉಪವಾಸ ಇದ್ದ ಮಗೂಗೆ ಸಕ್ಕರೆ ನೀರು ಸುರೀತಿದ್ದೀರಲ್ಲ! ಮೊದಲು ನಿಲ್ಲಿಸಿ. ಈ ನಿಮಿಷ ಕರ್ಕೊಂಡ್ ಬನ್ನಿ!"

ಅದರ ಹೆಸರು ರೀಫೀಡಿಂಗ್ ಸಿಂಡ್ರೋಮ್. ಬಹಳ ಕಾಲ ಅನ್ನವಿಲ್ಲದೆ ಬತ್ತಿದ ದೇಹದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂನಂಥ ಲವಣಗಳು ತಳ ಕಂಡಿರುತ್ತವೆ. ಇದ್ದಕ್ಕಿದ್ದಂತೆ ಸಕ್ಕರೆ ಹೊಕ್ಕರೆ, ಉಳಿದ ಚೂರುಪಾರು ಲವಣವನ್ನೂ ಜೀವಕೋಶಗಳು ರಕ್ತದಿಂದ ಎಳೆದುಕೊಳ್ಳುತ್ತವೆ. ಹೃದಯ ತಾಳ ತಪ್ಪುತ್ತದೆ, ನಿಲ್ಲಲೂಬಹುದು. ಅಂದರೆ ಉಪವಾಸದಿಂದ ಸಾಯದ ಹುಡುಗಿ ನನ್ನ ಚಿಕಿತ್ಸೆಯಿಂದ ಸಾಯುತ್ತಿದ್ದಳು. ಬಾಡಿಗೆ ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಡಿಯ ಮೇಲಿನ ಬೆರಳು ತೆಗೆಯದೆ ಹಾಸನಕ್ಕೆ ಹೋದೆ. ದಾರಿಯಲ್ಲಿ ಎರಡು ಸಲ ನಾಡಿ ಸಿಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅವಳ ಅಪ್ಪ ಸ್ವಾಮಣ್ಣನಿಗೆ ನಾನು ಅದನ್ನು ಹೇಳಲಿಲ್ಲ.

ಆ ಹಿರಿಯರು ಉಳಿಸಿದರು. ಇಸಿಜಿ ನೋಡುತ್ತ ಪೊಟ್ಯಾಸಿಯಂ ಅನ್ನು ಹನಿಹನಿಯಾಗಿ ಕೊಟ್ಟರು, ಬಿ-ಒಂದು ವಿಟಮಿನ್ ಚುಚ್ಚಿದರು, ಆಹಾರವನ್ನು ಚಮಚದ ಲೆಕ್ಕದಲ್ಲಿ ಶುರುಮಾಡಿ ದಿನದಿನಕ್ಕೆ ಏರಿಸಿದರು. ಹತ್ತೊಂಬತ್ತು ದಿನ ಸವಿತ ಹಾಸನದಲ್ಲಿದ್ದಳು. ನಾನು ವಾರಕ್ಕೆರಡು ಸಲ ಕ್ಲಿನಿಕ್ ಮುಚ್ಚಿ ಬಸ್ಸಿನಲ್ಲಿ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಮೊದಲೆರಡು ಸಲ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರನೆಯ ಸಲ ನಾನು ಏನೂ ಕೇಳದೆ ಸುಮ್ಮನೆ ಕೂತಿದ್ದಾಗ ತಾನಾಗಿಯೇ ಹೇಳಿದಳು.

ಸವಿತ ಏಳು ತಿಂಗಳಿಗೇ ಹುಟ್ಟಿದ ಮಗು. ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಾಗ ಅಜ್ಜಿ ನಿಂಗಮ್ಮ ಮನೆದೇವರಿಗೆ ಹರಕೆ ಹೊತ್ತಿದ್ದರು: ಮಗು ಬದುಕಿ ಬೆಳೆದರೆ ತುಲಾಭಾರ ಮಾಡಿಸಿ, ಅವಳ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆ ಎಂದು. ಅದೂ ಇದೂ ಆಗಿ ಹರಕೆ ಮುಂದೆ ಹೋಗುತ್ತಲೇ ಬಂದು, 1997ರ ಕಾರ್ತಿಕದಲ್ಲಿ ನೆರವೇರಿತು. ಅಷ್ಟರಲ್ಲಿ ಹುಡುಗಿಗೆ ಹದಿನಾಲ್ಕು ದಾಟಿ, ಮೈನೆರೆದು ವರ್ಷವಾಗಿತ್ತು. ಗುಡಿಯ ಮುಂದೆ ತೊಲೆಗೆ ತಕ್ಕಡಿ ಕಟ್ಟಿ, ಒಂದು ಹಲಗೆಯ ಮೇಲೆ ಅವಳನ್ನು ಕೂರಿಸಿ, ಇನ್ನೊಂದಕ್ಕೆ ಅಚ್ಚುಬೆಲ್ಲ ಪೇರಿಸಿದರು. ನೆಂಟರಿಷ್ಟರು ನೂರು ಜನ. ಸ್ಕೂಲಿನ ಗೆಳತಿಯರೂ ಇದ್ದರು. ತಂದ ಬೆಲ್ಲವೆಲ್ಲ ಮುಗಿದರೂ ಅವಳ ಹಲಗೆ ಮೇಲೇಳಲಿಲ್ಲ.

ಸೋದರಮಾವ ಮಂಜಣ್ಣ ಹೊಳೆನರಸೀಪುರದ ಕಡೆಯವರು, ಮಾತಿನ ಮಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ಛೇಡಿಸುವುದು ಸೋದರಮಾವನ ಹಕ್ಕು ಅನ್ನುವಂತೆ ನಡೆದುಬಂದಿದೆ. ಅವರು ಕೈಯೆತ್ತಿ ಕೂಗಿದರಂತೆ: "ಓಗ್ರಲಾ, ಅಂಗ್ಡಿ ಬಾಗ್ಲು ತಗ್ಸಿ ಇನ್ನೊಂದ್ ಮೂಟೆ ತನ್ರಲಾ! ಇವ್ಳ್ ತೂಕಕ್ಕೆ ಆಲೆಮನೇನೆ ಒತ್ಕ ಬರ್ಬೇಕು ಕಣ್ರಲಾ!"

ಇಡೀ ಗುಡಿ ನಕ್ಕಿತು. ಬೈಕಿನಲ್ಲಿ ಹೋದವರು ಬೆಲ್ಲ ತರುವ ತನಕ, ಸುಮಾರು ಅರ್ಧ ಗಂಟೆ, ಅವಳನ್ನು ಇಳಿಸಲಿಲ್ಲ; ಹರಕೆಯ ನಡುವೆ ಇಳಿಯಬಾರದಂತೆ. ನೂರು ಜನದ ಮುಂದೆ ಹಲಗೆಯ ಮೇಲೆ ಮಂಡಿ ಜೋಡಿಸಿ, ತಲೆ ತಗ್ಗಿಸಿ ಕೂತಿದ್ದಳು. ಅಜ್ಜಿ ಮಾತ್ರ ನಗುತ್ತಿರಲಿಲ್ಲ, ಅಳುತ್ತಿದ್ದರು. ಅಂಗೈಯಗಲ ಇದ್ದ ಕೂಸು ಇಷ್ಟು ಬೆಲ್ಲ ತೂಗಿತಲ್ಲ ಎನ್ನುವ ಸಂತೋಷಕ್ಕೆ ಅತ್ತ ಅಳು ಅದು. ಆದರೆ ಸವಿತಳ ಕಿವಿಗೆ ಬಿದ್ದದ್ದು ನಗು ಮಾತ್ರ. ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು 'ಬೆಲ್ಲದ ಮೂಟೆ'.

ಅಲ್ಲಿಂದ ಮಧ್ಯಾಹ್ನದ ಬುತ್ತಿ ಬೇರೆಯವರ ಪಾಲಾಯಿತು. ಸೋಮವಾರ, ಶನಿವಾರ ಒಪ್ಪತ್ತು ಶುರುವಾಯಿತು. ಎಷ್ಟು ದೈವಭಕ್ತೆ ನಮ್ಮ ಹುಡುಗಿ ಎಂದು ಮನೆಯವರು ಹಿಗ್ಗಿದರು. ಊಟದ ತಟ್ಟೆಯ ಮುಂದೆ ಕೂತವಳು ದೇವರ ಹೆಸರು ಹೇಳಿದರೆ ನಮ್ಮಲ್ಲಿ ಯಾರು ತಾನೇ ಎದುರಾಡುತ್ತಾರೆ? ಒಂದೆರಡು ತಿಂಗಳಾದ ಮೇಲೆ ಬಿಡಬೇಕೆಂದರೂ ಅವಳಿಗೆ ಬಿಡಲಾಗಲಿಲ್ಲ. ಇದನ್ನು ತಂದೆತಾಯಿಯರು ತಿಳಿಯಬೇಕು. ಇದು ಹಠವಲ್ಲ, ಶೋಕಿಯಲ್ಲ, ಸಿನಿಮಾ ನೋಡಿ ಕೆಟ್ಟದ್ದೂ ಅಲ್ಲ. ಹಸಿದ ಮಿದುಳು ಸರಿಯಾಗಿ ಯೋಚಿಸಲಾರದು. ಎಲುಬು ಕಾಣುವಾಗಲೂ ಕನ್ನಡಿಯಲ್ಲಿ ದಪ್ಪವೇ ಕಾಣಿಸುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಪ್ರಾಣ ತೆಗೆಯುವಂಥವುಗಳ ಸಾಲಿನಲ್ಲಿ ಇದು ಮುಂದಿದೆ. ಗಂಡುಹುಡುಗರಿಗೂ ಬರುತ್ತದೆ, ಅವರದ್ದು ಇನ್ನೂ ತಡವಾಗಿ ಗೊತ್ತಾಗುತ್ತದೆ.

ನನಗೆ ಕೆಂಡದಂಥ ಕೋಪ ಬಂತು. ಅರಕಲಗೂಡಿಗೆ ಮರಳಿದ ಮರುದಿನವೇ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕಾಫಿ ತರಿಸಿ, "ಮಕ್ಕಳು ಅಂದ್ಮೇಲೆ ಅಡ್ಡಹೆಸರು ಇದ್ದೇ ಇರ್ತವೆ ಮೇಡಂ. ನಮಗೂ ಇಟ್ಟಿದಾರೆ, ನಾವೇನು ಊಟ ಬಿಟ್ಟಿದೀವಾ?" ಎಂದು ನಕ್ಕರು. ಕಾಫಿ ಮುಟ್ಟದೆ ಎದ್ದುಬಂದೆ. ಅವಳನ್ನು ಆಟೋದಲ್ಲಿ ತಂದಿದ್ದ ಗಣಿತದ ಮೇಡಂ ಮಾತ್ರ ಗೇಟಿನವರೆಗೆ ಬಂದು, "ನನ್ನ ಕ್ಲಾಸಲ್ಲಿ ಯಾರೂ ಆ ಹೆಸರು ಎತ್ತದ ಹಾಗೆ ನೋಡ್ಕೋತೀನಿ" ಅಂದರು. ನೋಡಿಕೊಂಡರು ಕೂಡ.

ಸೆಪ್ಟೆಂಬರ್‌ನಲ್ಲಿ ಸವಿತ ಮನೆಗೆ ಬಂದಳು. ತಿಂಗಳಿಗೊಮ್ಮೆ ಮೈಸೂರಿನ ಮನೋವೈದ್ಯರ ಬಳಿ, ವಾರಕ್ಕೊಮ್ಮೆ ನನ್ನ ಬಳಿ. ಮನೋವೈದ್ಯರು ಹೇಳಿಕೊಟ್ಟಂತೆ ಮನೆಯ ರೀತಿ ಬದಲಿಸಿದೆವು. ತಟ್ಟೆಯ ಮುಂದೆ ಜಗಳ ಕೂಡದು, ಕಾವಲೂ ಕೂಡದು. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಉಣ್ಣುವಾಗ ಬೇರೆ ಮಾತಾಡಬೇಕು. ದಪ್ಪ, ಸಣ್ಣ ಅನ್ನುವ ಎರಡು ಪದ ಮನೆಯಲ್ಲಿ ಯಾರ ಬಗ್ಗೆಯೂ ಬರಬಾರದು. ಚೇತರಿಸಿಕೊಳ್ಳುತ್ತಿರುವವಳಿಗೆ 'ಮೈಕೈ ತುಂಬಿಕೊಂಡಿದ್ದೀಯ' ಎಂದು ಮೆಚ್ಚುವುದಂತೂ ಬೇಡವೇ ಬೇಡ. ನಮಗೆ ಅದು ಹೊಗಳಿಕೆ, ಅವಳಿಗೆ ಮತ್ತೆ ಹಲಗೆಯ ಮೇಲೆ ಕೂರಿಸಿದ ಹಾಗೆ. ನನ್ನ ಕೋಣೆಯಲ್ಲಿ ಅವಳನ್ನು ತೂಕದ ಮುಳ್ಳಿಗೆ ಬೆನ್ನು ಮಾಡಿ ನಿಲ್ಲಿಸಿ ತೂಕ ನೋಡುತ್ತಿದ್ದೆ, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಜಯಮ್ಮ ಜಾಣೆ, ಬೇಗ ಕಲಿತರು. ಡಿಸೆಂಬರ್ ಹೊತ್ತಿಗೆ ಹುಡುಗಿ ಅರ್ಧ ಮುದ್ದೆ ಉಣ್ಣುತ್ತಿದ್ದಳು. ನಾವೆಲ್ಲ ಗೆದ್ದೆವು ಅಂದುಕೊಂಡೆವು.

1999ರ ಸಂಕ್ರಾಂತಿ ಕಳೆದ ವಾರ ಜಯಮ್ಮ ಒಬ್ಬರೇ ಓಡಿಬಂದರು.

"ಅತ್ತೆ ಆಸ್ಪತ್ರೇಲಿ ಕುಂತು ಇನ್ನೊಂದ್ ಅರಕೆ ಒತ್ಕಂಡಿದ್ರಂತೆ ಮೇಡಮ್. ಮಗ ಉಳುದ್ರೆ ಮತ್ತೆ ತೂಗುಸ್ತೀನಿ ಅಂತ. ಬರೋ ಸೋಮಾರ ಅಂತೆ. ಕೇಳಿದ್ದೇ ತಡ, ಎರಡ್ ದಿನದಿಂದ ಒಂದಗುಳು ಮುಟ್ಟಿಲ್ಲ ಅವ್ಳು."

ಹೃದಯ ಇನ್ನೂ ಗಟ್ಟಿಯಾಗಿರಲಿಲ್ಲ. ಇನ್ನೊಂದು ಸಲ ಆಗಸ್ಟ್‌ನ ಸ್ಥಿತಿಗೆ ಬಂದರೆ ಉಳಿಸುವುದು ಕಷ್ಟ ಎಂದು ಹಾಸನದ ಹಿರಿಯರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು. ಕಾಯುತ್ತಿದ್ದ ರೋಗಿಗಳನ್ನು ಹಾಗೆಯೇ ಬಿಟ್ಟು, ಆಟೋ ಹಿಡಿದು ಹಳ್ಳಿಗೆ ಹೋದೆ. ಜಗಲಿಯ ಮೇಲೆ ನಿಂಗಮ್ಮ ಇದ್ದರು, ಸ್ವಾಮಣ್ಣ ಇದ್ದರು. ತುಲಾಭಾರದ ಏರ್ಪಾಡು ಮಾತಾಡಲು ಸೋದರಮಾವ ಮಂಜಣ್ಣನೂ ಬಂದಿದ್ದರು. ನನಗೆ ಬೇಕಾಗಿದ್ದ ಮನುಷ್ಯ ಕಣ್ಣೆದುರಿಗೇ ಸಿಕ್ಕಿದ್ದ. ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ನಿಂತು ಶುರುಮಾಡಿದೆ. ನೀನು ಅವತ್ತು ಕೂಗಿದ ಒಂದು ಮಾತಿಗೆ ಈ ಮಗು ಸಾವಿನ ಬಾಯಿಗೆ ಹೋಗಿ ಬಂತು, ಮತ್ತೆ ಅದೇ ತಕ್ಕಡಿ ಕಟ್ಟಲು ಬಂದಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಇನ್ನೂ ಏನೇನೋ ಅಂದೆ. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತರು.

ಮಂಜಣ್ಣನ ಮುಖ ಬಿಳಿಚಿಕೊಂಡಿತು. "ತಮಾಸೆಗೆ ಅಂದಿದ್ದು ಮೇಡಮ್. ನಮ್ ಮನೆ ಮಗ ಅದು. ನಾನೇ ಎತ್ ಆಡ್ಸಿದೀನಿ..."

"ತಮಾಷೆನಾ? ಅವಳ ತೂಕ ಊರಿಗೆಲ್ಲ ಕೇಳೋ ಹಾಗೆ ಕೂಗೋಕೆ ನೀನ್ಯಾರು?"

ಆಗ ಬಾಗಿಲಲ್ಲಿ ಸವಿತ ಕಾಣಿಸಿಕೊಂಡಳು. ಬಾಗಿಲ ದಾರಂದ ಹಿಡಿದುಕೊಂಡು ನಿಂತಿದ್ದಳು. ದನಿ ಏರಿಸಲಿಲ್ಲ.

"ಮಾವನ್ನ ಯಾಕ್ ಬೈತೀರ ಮೇಡಮ್? ಮಾವ ಕೂಗಿದ್ದು ಒಂದೇ ಸಲ. ನಿಮ್ ಕೃಷ್ಣಪ್ನೋರು ನಾನ್ ಬಂದಾಗೆಲ್ಲ ಕೂಗೋರು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನನ್ನ ಕ್ಲಿನಿಕ್ಕಿನ ತೂಕದ ಯಂತ್ರ ಇದ್ದದ್ದು ಹಾಲಿನ ನಟ್ಟನಡುವೆ, ಬೆಂಚುಗಳ ಎದುರಿಗೆ. ಸವಿತ ಹಾಸನದಿಂದ ಬಂದ ಮೇಲೆ ಅವಳೊಬ್ಬಳಿಗಾಗಿ ಒಳಗೆ ಬೇರೊಂದು ತರಿಸಿದ್ದೆ. ಉಳಿದ ರೋಗಿಗಳನ್ನು ಕೃಷ್ಣಪ್ಪನವರು ಹಾಲಿನಲ್ಲಿದ್ದ ಯಂತ್ರದ ಮೇಲೆ ಹತ್ತಿಸಿ, ಒಳಗೆ ಕೂತ ನನಗೆ ಕೇಳಲಿ ಎಂದು ಅಲ್ಲಿಂದಲೇ ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದರು. ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಓಡಾಟ ಉಳಿಯುತ್ತದೆ, ಹೊತ್ತು ಉಳಿಯುತ್ತದೆ. ಹನ್ನೊಂದು ವರ್ಷದಿಂದ, ದಿನಕ್ಕೆ ಅರವತ್ತು ಸಲ, ಅದೇ ಪದ್ಧತಿ. ಹಾಗೆ ಮಾಡಲು ಅವರಿಗೆ ಹೇಳಿದವಳೇ ನಾನು. ಬೆಂಚಿನ ಮೇಲೆ ಕೂತವರು ಕೇಳಿಸಿಕೊಂಡು ತಮಾಷೆ ಮಾಡುವುದೂ ಇತ್ತು. ಆ ನಗು ಒಳಗೆ ನನಗೂ ಕೇಳಿಸುತ್ತಿತ್ತು.

ಸವಿತ ಮುಂದುವರಿಸಿದಳು: "ಜೂನ್‌ನಾಗೆ ಅಮ್ಮನ ಜೊತೆ ಬಂದಿದ್ನಲ್ಲ, ಅವತ್ತೂ ಬಂದೇಟ್ಗೆ ಹತ್ಸಿ ಕೂಗುದ್ರು. ಬೆಂಚ್ ಮೇಲಿದ್ದೋರೆಲ್ಲ, ಅಯ್ಯೋ ಎಷ್ಟು ಇಳ್ದಿದೀಯ, ಚೆನ್ನಾಗ್ ಕಾಣ್ತೀಯ ಅಂದ್ರು. ಒಳಗ್ ಬಂದ್ರೆ ನೀವೂ ಅದ್ನೇ ಅಂದ್ರಿ. ಗುಡೀಲಿ ನಕ್ಕಿದ್ರಲ್ಲ, ಇಲ್ಲಿ ಎಲ್ರೂ ಹೊಗಳುದ್ರು. ಇನ್ನೂ ಇಳುದ್ರೆ ಇನ್ನೂ ಹೊಗಳ್ತಾರೆ ಅನ್ಸ್ತು. ಅವತ್ತಿಂದ ಒಂದೊತ್ತು ಉಣ್ತಿದ್ದುನ್ನೂ ಬಿಟ್ಟೆ."

ಜಗಲಿಯ ಮೇಲೆ ಕೂತುಬಿಟ್ಟೆ. ಅಂಗಳದಲ್ಲಿ ಅಷ್ಟು ಜನ ನಿಂತಿದ್ದರು, ಅವರ ಮುಂದೆಯೇ "ತಪ್ಪಾಯ್ತು ಕಣಮ್ಮ" ಎಂದೆ. ಮಂಜಣ್ಣನಿಗೂ ಅದನ್ನೇ ಹೇಳಿದೆ. ಆ ಮನುಷ್ಯ ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ನಿಂಗಮ್ಮ ಮೊಮ್ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ನಿನ್ ತೂಕ ಯೋಳುದ್ರೆ ನಿಂಗ್ ನೋವಾಯ್ತದಾ ಮಗ?"

ಸವಿತ ಹೌದೆಂದು ತಲೆಯಾಡಿಸಿದಳು. ಮುದುಕಿ ಅವಳ ಮುಂಗೈ ಸವರಿದರು. ಆಮೇಲೆ ಮಗನಿಗೆ ಹೇಳಿದರು: "ತಕ್ಕಡಿ ಬ್ಯಾಡ ಕಲಾ ಸ್ವಾಮಿ. ಬೆಲ್ಲ ತಗಂಡೋಗಿ ದ್ಯಾವ್ರ ಮುಂದೆ ಮಡ್ಗಿ ಬತ್ತೀನಿ. ಇವ್ಳ್ ತೂಕ ದ್ಯಾವ್ರಿಗೆ ಗೊತ್ತಿಲ್ವಾ? ನಮಗ್ಯಾಕ್ ಬೇಕು ಅದು?"

ಮೈಸೂರಿನ ಮನೋವೈದ್ಯರು ನನಗೆ ನಾಲ್ಕು ತಿಂಗಳು ವಿವರಿಸಿದ್ದನ್ನು, ಅಕ್ಷರ ಬಾರದ ಆ ಹೆಂಗಸು ಒಂದು ಪ್ರಶ್ನೆ ಕೇಳಿ ತಿಳಿದುಕೊಂಡರು. ನನ್ನ ಹಾಗೆ ಅಂಗಳದಲ್ಲಿ ನಿಂತು ಅರಚಲಿಲ್ಲ. ಕೇಳಬೇಕಾದವಳನ್ನು ಕೇಳಿದರು, ಉತ್ತರ ಬರುವ ತನಕ ಕಾದರು.

ಅವತ್ತೇ ಸವಿತ ಊಟ ಮಾಡಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಬೆಳಗ್ಗೆ ಅಜ್ಜಿಯ ಪಕ್ಕ ಕೂತು ಒಂದು ಲೋಟ ಗಂಜಿ ಕುಡಿದಳಂತೆ. ಮುಂದಿನ ಮೂರು ವರ್ಷದಲ್ಲಿ ಎರಡು ಸಲ ಕಾಯಿಲೆ ಮರುಕಳಿಸಿತು. ಒಮ್ಮೆ ಮೈಸೂರಿನಲ್ಲಿ ಐದು ವಾರ ಇರಬೇಕಾಯಿತು. ಎಸ್ಸೆಸ್ಸೆಲ್ಸಿಯನ್ನು ಒಂದು ವರ್ಷ ತಡವಾಗಿ ಬರೆದಳು. 2004ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಚ್ಚಲಲ್ಲಿ ಸುಮ್ಮನೆ ಜಾರಿದ್ದಕ್ಕೆ ಮುಂಗೈ ಮುರಿಯಿತು. ಎಕ್ಸ್‌ರೇಯಲ್ಲಿ ಅರವತ್ತರ ಹೆಂಗಸಿನ ಮೂಳೆ ಕಂಡಿತು. ಬೆಳೆಯುವ ವಯಸ್ಸಿನಲ್ಲಿ ಕಳೆದುಕೊಂಡ ಮೂಳೆಯ ಬಲ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಹದಿನೈದರಲ್ಲಿ ಸಣ್ಣಗಾಗಿ ಚೆನ್ನಾಗಿ ಕಾಣುತ್ತೀಯ ಎಂದು ನಾವೆಲ್ಲ ಹೊಗಳಿದ್ದಕ್ಕೆ ಅವಳು ತೆತ್ತ ಬೆಲೆ ಅದು. ಆದರೂ ಬದುಕಿದಳು. ನನ್ನ ಜಾಣತನದಿಂದ ಖಂಡಿತ ಅಲ್ಲ.

ಹಳ್ಳಿಯಿಂದ ವಾಪಸು ಬಂದ ಮಧ್ಯಾಹ್ನವೇ ಹಾಲಿನಲ್ಲಿದ್ದ ತೂಕದ ಯಂತ್ರವನ್ನು ನನ್ನ ಕೋಣೆಯ ಪರದೆಯ ಹಿಂದಕ್ಕೆ ಎಳೆಸಿದೆ. ಕೃಷ್ಣಪ್ಪನವರು ಒಂದು ವಾರ ಮುಖ ಊದಿಸಿಕೊಂಡಿದ್ದರು, ತಮ್ಮ ಕೆಲಸದಲ್ಲಿ ಕುಂದು ಹುಡುಕಿದೆನೆಂದು. ತಪ್ಪು ನಿಮ್ಮದಲ್ಲ, ನನ್ನದು ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅಲ್ಲಿಂದ 2009ರಲ್ಲಿ ಕ್ಲಿನಿಕ್ ಮುಚ್ಚುವವರೆಗೆ, ಹತ್ತು ದಾಟಿದ ಯಾವ ಮಗು ಬಂದರೂ ಐದು ನಿಮಿಷ ಅಪ್ಪ ಅಮ್ಮಂದಿರನ್ನು ಹೊರಗೆ ಕೂರಿಸಿ ಒಂಟಿಯಾಗಿ ಮಾತಾಡಿಸಿದೆ. ಹಾಗೆ ಮಾತಾಡಿಸುವಾಗ ಇಂಥ ಇನ್ನೂ ಏಳು ಮಕ್ಕಳು ಸಿಕ್ಕರು, ಅವರಲ್ಲಿ ಇಬ್ಬರು ಹುಡುಗರು. ಅದಕ್ಕೆ ಮುಂಚಿನ ಹನ್ನೊಂದು ವರ್ಷದಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಕಾಯಿಲೆ ಊರಿನಲ್ಲಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಆ ಹನ್ನೊಂದು ವರ್ಷದಲ್ಲಿ ಎಷ್ಟು ಮಕ್ಕಳನ್ನು ಕಬ್ಬಿಣದ ಮಾತ್ರೆ ಕೊಟ್ಟು ಮನೆಗೆ ಕಳಿಸಿದೆನೋ ನನಗೆ ಗೊತ್ತಿಲ್ಲ. ನನ್ನ ಸಿಟ್ಟು ಇನ್ನೂ ಆರದಿರುವುದು ಅದಕ್ಕೇ.

ನಮ್ಮ ಕಡೆ ದಾರಿಯಲ್ಲಿ ಎದುರಾದವರೆಲ್ಲ ಮೊದಲು ಕೇಳುವುದು "ಊಟ ಆಯ್ತಾ?" ಎಂದು. ಆ ಜೂನ್ ತಿಂಗಳಲ್ಲಿ ಸವಿತಳನ್ನು ಬಸ್ಸಿನಲ್ಲಿ, ಶಾಲೆಯಲ್ಲಿ, ನನ್ನ ಹಾಲಿನ ಬೆಂಚಿನ ಮೇಲೆ, ದಿನಕ್ಕೆ ಹತ್ತು ಜನ ಹಾಗೆ ಕೇಳಿರುತ್ತಾರೆ. ಹತ್ತು ಜನಕ್ಕೂ ಅವಳು "ಆಯ್ತು" ಅಂದಿದ್ದಾಳೆ. ಯಾರೂ ನಿಂತು ಅವಳ ಮುಖ ನೋಡಲಿಲ್ಲ. ಅವರನ್ನು ದೂರಲಾರೆ, ಅವರಿಗೆ ಅದು ಕುಶಲ ಕೇಳುವ ಮಾತು. ನನಗೆ ಅದು ಉದ್ಯೋಗವಾಗಿತ್ತು. ಅವತ್ತು ಅವಳನ್ನು ಊಟ ಆಯ್ತಾ ಎಂದು ಕೇಳದೇ ಇದ್ದವಳು ನಾನೊಬ್ಬಳೇ.